ನಮ್ಮ ಬೀನ್ಸ್ ಸೀಸೆಯಲ್ಲಿ ತಂಗಿದ್ದ ಬೊಟುಲಿಸಂ ಮಹಾಶಯರಿಗೆ

ಮಾನ್ಯರೇ,

ಕಣ್ಣಿಗೆ ಕಾಣದ, ಮೂಗಿಗೆ ಸಿಗದ, ನಾಲಿಗೆಗೂ ಸುಳಿವು ಕೊಡದ ತಮ್ಮ ಘನ ಸನ್ನಿಧಾನಕ್ಕೆ, ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯನ್ನು ಒಂದೇ ಏಟಿಗೆ ಪಾಸು ಮಾಡಿದ, ಮೋರೆ ಚೇಷ್ಟೆಯಲ್ಲಿ ಹತ್ತೂರಿಗೆ ಹೆಸರಾದ ಈ ಮೋರೆಮಾವ ತಲೆಬಾಗಿ ಮಾಡುವ ನಮಸ್ಕಾರಗಳು. ಹೋದ ತಿಂಗಳಾದರೆ ಬಾಗಿದ ತಲೆಯನ್ನು ಎತ್ತಲು ಇನ್ನೊಬ್ಬರು ಬೇಕಿತ್ತು.

ಮುಚ್ಚಿಟ್ಟ ಆಹಾರದಲ್ಲಿ ವಿಷ ಕಾರುವ ರೋಗಾಣುಗಳಾದ ತಾವು ಬಲು ಅಪರೂಪದ ಅತಿಥಿಗಳಂತೆ. ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ತಮ್ಮನ್ನು ಪುಸ್ತಕದಲ್ಲಷ್ಟೇ ಕಂಡಿದ್ದಾಗಿ ಡಾಕ್ಟರು ಹೇಳಿದಾಗ ನನಗೆ ಹೆಮ್ಮೆಯೇ ಆಯಿತು. ಬೀನ್ಸ್ ಬೇಯಿಸಿ, ಸೀಸೆಗೆ ತುಂಬಿ, ಮುಚ್ಚಳದ ಸುತ್ತ ಮೇಣ ಸುರಿದು, ಇದರೊಳಗೆ ಗಾಳಿಯಲ್ಲ, ಗಾಳಿಯ ಅಪ್ಪನೂ ನುಸುಳಲಾರ ಎಂದು ಬೀದಿಗೆಲ್ಲ ಕೊಚ್ಚಿಕೊಂಡವನು ನಾನೇ. ಗಾಳಿಯಿಲ್ಲದ ಜಾಗವೇ ತಮಗೆ ಅರಮನೆ, ಬರೀ ಕುದಿಯುವ ನೀರು ತಮ್ಮ ಬೀಜಗಳಿಗೆ ಬೆಚ್ಚನೆಯ ಸ್ನಾನ ಎಂಬುದನ್ನು ಯಾವ ಮೇಷ್ಟರೂ ನನಗೆ ಕಲಿಸಿರಲಿಲ್ಲ. ನನ್ನ ಕೈಯಡುಗೆಯ ಮೇಲೆ ನಮ್ಮಾಕೆಗಿರುವ ಹಳೆಯ ಅನುಮಾನ ಆಕೆಯನ್ನು ಕಾಪಾಡಿತು. ಸೀಸೆ ಬರಿದು ಮಾಡಿದವನು ನಾನೊಬ್ಬನೇ.

ಮರುದಿನ ನನ್ನ ಕಣ್ಣಿಗೆ ಒಂದು ಗೋಡೆಗಡಿಯಾರ ಎರಡಾಯಿತು. ರೆಪ್ಪೆ ಜೋತುಬಿತ್ತು, ಬಾಯಿ ಒಣಗಿತು, ನಾಲಿಗೆ ತೊದಲಿತು. ಜ್ವರವಿಲ್ಲ, ನೋವಿಲ್ಲ, ಬುದ್ಧಿ ಮಾತ್ರ ಚುರುಕು. ನನ್ನ ಮುಖ್ಯ ದೂರು ಇಲ್ಲಿದೆ. ಮೂವತ್ತು ವರ್ಷದಿಂದ ನೆಂಟರ ಮುಂದೆ ನಾನು ಹಾಕುತ್ತ ಬಂದ ಕುಡುಕನ ವೇಷವನ್ನೇ ತಾವು ರೆಪ್ಪೆ, ತೊದಲು ಸಮೇತ ನಕಲು ಮಾಡಿದಿರಿ. "ಸಾಕು ಬಿಡ್ರೀ, ನಗು ಬರ್ತಿಲ್ಲ," ಎಂದಳು ನಮ್ಮಾಕೆ. "ಭಾವ, ಇನ್ನೊಂದ್ಸಲ ಮಾಡಿ," ಎಂದಳು ನಾದಿನಿ. ಕುಡಿದ ನೀರು ಮೂಗಿನಲ್ಲಿ ಬಂದಾಗಲಂತೂ ಇದು ಹೊಸದು ಎಂದು ಕೊಂಡಾಡಿದರು. ಉಸಿರು ಎಳೆದುಕೊಳ್ಳಲು ನಾನು ಒದ್ದಾಡುತ್ತಿದ್ದೆ, ಅವರು ನಗುತ್ತಿದ್ದರು.

ಪುಣ್ಯಕ್ಕೆ ಅದು ಕ್ಷೌರದವನು ಮನೆಗೆ ಬರುವ ದಿನ. "ಮಾವ, ಕೆನ್ನೆ ಉಬ್ಬಿಸಿ," ಎಂದ. ಉಬ್ಬಲಿಲ್ಲ. ಕತ್ತಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. "ಅತ್ತೆ, ನಾಟಕ ಆಡೋವಾಗ ಇವರ ಹಣೆ ನಗ್ತಿರುತ್ತೆ. ಇವತ್ತು ಎರಡೂ ಕಡೆ ಏನೂ ಅಲ್ಲಾಡ್ತಿಲ್ಲ. ಏಳಿ, ಆಸ್ಪತ್ರೆಗೆ ಹೋಗೋಣ." ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ. ಎರಡೂ ಕಡೆ ಎಂಬ ಮಾತು ಕೇಳಿದ ಡಾಕ್ಟರು, ಒಂದೇ ಪಕ್ಕಕ್ಕೆ ಬಡಿಯುವ ಲಕ್ವ ಎಂದು ಬರೆದದ್ದನ್ನು ಹೊಡೆದುಹಾಕಿ, ಏನು ತಿಂದಿದ್ದರೆಂದು ವಿಚಾರಿಸಿದರು. ಪ್ರತಿವಿಷದ ಚುಚ್ಚುಮದ್ದು ಬಂತು. ಎರಡು ವಾರ ಯಂತ್ರವೊಂದು ನನ್ನ ಪರವಾಗಿ ಉಸಿರಾಡಿತು.

ಆದಕಾರಣ, ಮುಂದೆ ಎಲ್ಲಿಗಾದರೂ ದಯಮಾಡಿಸುವಾಗ ತುಸು ದುರ್ವಾಸನೆ ಬೀರಿ, ಮುಚ್ಚಳ ತಟ್ಟಿ, ಹೆಸರು ಹೇಳಿ ಒಳಗೆ ಬರಬೇಕೆಂದೂ, ಚೇಷ್ಟೆಗಾರರ ಮನೆಗಳನ್ನು ಖಾಯಂ ಬಿಟ್ಟುಬಿಡಬೇಕೆಂದೂ ಕೋರುತ್ತೇನೆ.

ಇನ್ನೆಂದೂ ಭೇಟಿ ಬಯಸದ,
ತಮ್ಮ ವಿಶ್ವಾಸಿ,
ಮೋರೆಮಾವ

ತಾ.ಕ.: ನನ್ನ ಚೇಷ್ಟೆಯ ಕಲೆ ಉಳಿದಿದೆಯೋ ಎಂದು ನೋಡಲು ಮೊನ್ನೆ ನಮ್ಮಾಕೆಯ ಮುಂದೆ ರೆಪ್ಪೆ ಇಳಿಬಿಟ್ಟೆ. ಆಕೆ ನಗಲಿಲ್ಲ, ಬೈಯಲೂ ಇಲ್ಲ. ಒಲೆ ಆರಿಸಿ, ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟಿದಳು. ತಟ್ಟನೆ ಕಣ್ಣು ಬಿಟ್ಟೆ. ಆಕೆ ಹೊಸ್ತಿಲ ಮೇಲೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಆ ವೇಷವನ್ನು ಅಂದೇ ಕಳಚಿಟ್ಟಿದ್ದೇನೆ. ತಮಗೆ ಹೆದರಿ ಬಿಟ್ಟೆನೆಂದು ಮಾತ್ರ ಬೀಗಬೇಡಿ, ತಮಗೆ ಅಷ್ಟು ಯೋಗ್ಯತೆಯಿಲ್ಲ.