ಧಾರವಾಡಕ್ಕೆ ನನ್ನ ತಿಕೀಟು

ದೊಡ್ಡವರಾದ ಮೇಲೆ ಏನಾದರೂ ಕಲಿಯಲಿಕ್ಕೆ ಹೊರಟವರನ್ನು ಫಜೀತಿಗಳು ಹುಡುಕಿಕೊಂಡು ಬರುತ್ತವೆ. ನಮ್ಮ ಮನೆಗಂತೂ ಅವು ಮುಂಬಾಗಿಲಿನಿಂದಲೇ ಬಂದು, ಚಹಾ ಕುಡಿದೇ ಹೋಗಿವೆ.

ಎಲ್ಲಕ್ಕೂ ಮೂಲ ಒಂದೇ ಶಬ್ದ: 'ಯಾಕ?' ಮದುವೆಯಾಗಿ ಧಾರವಾಡದಿಂದ ಚಿಕ್ಕೋಡಿಗೆ ಬಂದಾಗ ನನ್ನ ಹತ್ತಿರ ಬಿ.ಎ. ಇತ್ತು, ರೊಕ್ಕ ಇರಲಿಲ್ಲ. ನಮ್ಮ ಮನೆಯವರು ಹೈಸ್ಕೂಲು ಮಾಸ್ತರರು. ಒಳ್ಳೆಯವರು, ಕೇಳಿದಾಗ ಇಲ್ಲ ಅಂದವರಲ್ಲ. ಆದರೆ ಕೊಡುವ ಮೊದಲು, ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ ಕೇಳುವ ಧಾಟಿಯಲ್ಲಿ 'ಯಾಕ?' ಅನ್ನುವರು. ಅವ್ವನನ್ನು ನೋಡಿ ಬರುತ್ತೇನೆಂದರೂ ಬಸ್ಸಿನ ಖರ್ಚಿಗೆ 'ಯಾಕ?' ನೋಡಬೇಕು ಅನಿಸಿದೆ ಅನ್ನುವುದು ಒಂದು ಕಾರಣವೇ? ಹಾಗಾಗಿ ಗಟ್ಟಿಮುಟ್ಟಾಗಿದ್ದ ಅವ್ವನಿಗೆ ನಾನು ಇಲ್ಲಿಂದಲೇ ಎಷ್ಟು ಸಲ ಜ್ವರ ಬರಿಸಿದೆನೋ ಲೆಕ್ಕವಿಲ್ಲ. ಒಂದು ಸಲವಾದರೂ ಅವಳು ಆರಾಮ ಇದ್ದಾಗ, ನನ್ನ ದುಡಿಮೆಯ ತಿಕೀಟಿನಲ್ಲಿ ಹೋಗಬೇಕು ಎಂಬ ಹಟ ಹುಟ್ಟಿದ್ದು ಹೀಗೆ.

ಪಾಠ

ಮೊದಲು ಹೊಲಿಗೆ. ನಿಪ್ಪಾಣಿಯಲ್ಲಿ ಕಲಿಸುತ್ತಿದ್ದವರು ಮರಾಠಿಯವರು, ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ಅವರನ್ನೂ ಎಲ್ಲರೂ 'ಬಾಯಿ' ಅನ್ನುವರು. ನನಗೆ ಮರಾಠಿ ಬಾರದು, ಆದರೆ ಕಾಲೇಜಿನಲ್ಲಿ ಹಿಂದಿ ಓದಿದ ಧೈರ್ಯವಿತ್ತು. ಮೊದಲ ದಿನವೇ ನನ್ನ ಮುಂದೆ ಬ್ಲೌಸಿನ ಅರಿವೆ ಹಾಸಿ, ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ "ಆಧೀ ಪಾಠ ಕಾಪಾ" ಅಂದರು. ಹಿಂದಿಯಲ್ಲಿ ಆಧಾ ಎಂದರೆ ಅರ್ಧ, ಪಾಠ ಎಂದರೆ ಪಾಠವೇ. ಅರ್ಧ ಪಾಠಕ್ಕೆ ಕತ್ತರಿ ಬಿತ್ತು ಎಂದುಕೊಂಡು, ಪರೀಕ್ಷೆಗೆ ಪೋರ್ಷನ್ ಕಮ್ಮಿಯಾದ ಖುಷಿಯಲ್ಲಿ ಕೈಕಟ್ಟಿ ಕೂತೆ. ಬಾಯಿ ಮತ್ತೊಮ್ಮೆ ಹೇಳಿದರು. ನಾನು ಥ್ಯಾಂಕ್ಸ್ ಅಂದೆ.

ಕಡೆಗೆ ಪಕ್ಕದ ಹುಡುಗಿ ಬಿಡಿಸಿ ಹೇಳಿದಳು. ಮರಾಠಿಯಲ್ಲಿ ಆಧೀ ಅಂದರೆ ಮೊದಲು, ಪಾಠ ಅಂದರೆ ಬೆನ್ನು. ಮೊದಲು ಬ್ಲೌಸಿನ ಬೆನ್ನು ಕತ್ತರಿಸಬೇಕಂತೆ. ನನಗೆ ಅರ್ಥವಾಗಲಿ ಎಂದೇ ಬಾಯಿ ತಮ್ಮ ಕನ್ನಡದಲ್ಲಿ ಉಳಿದವರಿಗೆ ಹೇಳಿದರು: "ಬಿ.ಎ. ಆಗ್ಯಾರಂತ. ಬೆನ್ನು ಯಾವದು, ಹೊಟ್ಟಿ ಯಾವದು ಗೊತ್ತಿಲ್ಲ."

ಜೂನಿಯರ್, ಸೀನಿಯರ್

ಹೊಲಿಗೆ ಕಲಿತು ಮನೆಯಲ್ಲೇ ಮಶಿನ್ನು ಹಾಕಿದೆ. ಬ್ಲೌಸುಗಳು ದೀಪಾವಳಿಗೊಮ್ಮೆ ರಾಶಿ ಬೀಳುತ್ತಿದ್ದವು, ಆಮೇಲೆ ಮದುವೆಯ ಸುಗ್ಗಿಗೆ. ನಡುವಿನ ತಿಂಗಳುಗಳಲ್ಲಿ ಮಶಿನ್ನಿನ ಮೇಲೆ ಬೆಕ್ಕು ಮಲಗುತ್ತಿತ್ತು. ಅದಕ್ಕೇ ಟೈಪಿಂಗಿಗೆ ಸೇರಿದೆ. ಕ್ಲಾಸಿನಲ್ಲಿ ದಿನಕ್ಕೆ ಒಂದೇ ತಾಸು, ಉಳಿದ ವೇಳೆ ಬೆರಳಿಗೆ ರೂಢಿ ಎಲ್ಲಿ ಮಾಡಿಸುವುದು?

ಅತ್ತೆಗೆ ಬೆನ್ನುನೋವು. ಎಣ್ಣೆ ಹಚ್ಚುವ ಕೆಲಸ ನನ್ನದು. ಹಚ್ಚುತ್ತ ಹಚ್ಚುತ್ತ ಎಡಗೈ ತಾನಾಗಿ ಎ ಎಸ್ ಡಿ ಎಫ್ ಬಡಿಯತೊಡಗಿತು, ಬಲಗೈ ಜೆ ಕೆ ಎಲ್. ಸ್ಪೇಸ್ ಬಾರು ಸೊಂಟದ ಹತ್ತಿರ ಬರುತ್ತಿತ್ತು. ಮೊದಮೊದಲು ಅತ್ತೆ, ಇದೇನು ಕೋಳಿ ಕೆದರಿದಂಗ ಅಂತ ಬೈದರು. ಬರಬರುತ್ತ ಚಹಾ ಆದೊಡನೆ ತಾವೇ ಬೋರಲು ಮಲಗಿ ಕರೆಯುವರು, ನಿನ್ನೆ ಎಡಕ್ಕೆ ಕಮ್ಮಿ ಬಿತ್ತು ಎಂದು ತಕರಾರು ತೆಗೆಯುವರು. ನಿಪ್ಪಾಣಿಯ ಬಾಯಿ ಹೇಳಿದ್ದು ಖರೆ, ಪಾಠ ಅಂದರೆ ಬೆನ್ನೇ.

ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾದ ದಿನ ಪೇಢೆ ಕೊಟ್ಟೆ. ಅತ್ತೆ ಪೇಢೆಯನ್ನು ಕೈಯಲ್ಲೇ ಹಿಡಿದು ಚಿಂತೆಯಿಂದ ಕೇಳಿದರು: "ಜೂನಿಯರ್ ಮುಗೀತಲ್ಲ. ಸೀನಿಯರ್ ಯಾವಾಗ ಕಟ್ಟತೀ?"

ಬ್ರೇಕು

ಮುಂಜಾನೆ ವಕೀಲರೊಬ್ಬರ ಆಫೀಸಿನಲ್ಲಿ ಟೈಪು, ಸಂಜೆ ಬ್ಲೌಸು ಮುಟ್ಟಿಸುವುದು. ಕಾಲು ಸಾಲದಾದವು, ಹಳೆಯ ಲೂನಾ ಮೊಪೆಡ್ಡು ಬಂತು. ಮನೆಯವರೇ ಸಾಲೆಯ ಮೈದಾನದಲ್ಲಿ ಕಲಿಸಿದರು. ಚಾಲೂ ಮಾಡುವುದಾಯಿತು, ಹೊರಳಿಸುವುದಾಯಿತು. ಬ್ರೇಕಿನ ದಿನ ಮನೆಗೆ ಬೀಗರು ಬಂದರು, ಪಾಠ ಅಲ್ಲಿಗೇ ನಿಂತಿತು. ನಾನು ತಡೆಯದೆ ಮರುದಿನವೇ ಬ್ಲೌಸಿನ ಚೀಲ ಹಿಡಿದು ಹೊರಟೆ. ಗಿರಾಕಿಯ ಮನೆ ಬಂತು, ಹೋಯಿತು. ಸುತ್ತು ಹಾಕಿ ಬಂದೆ, ಮತ್ತೆ ಹೋಯಿತು. ಮುಂದಿನ ಸುತ್ತಿಗೆ ಚೀಲವನ್ನು ಗುರಿಯಿಟ್ಟು ಅವರ ಕಟ್ಟೆಯ ಮೇಲೆ ಒಗೆದು ಮುಂದೆ ಹೋದೆ.

ಆಕೆ ಓಣಿಯಲ್ಲೆಲ್ಲ ನನ್ನನ್ನು ಹೊಗಳಿದಳಂತೆ. ಉಳಿದ ಟೇಲರುಗಳು ಹತ್ತು ಸಲ ಅಡ್ಡಾಡಿಸುತ್ತಾರೆ, ಈ ಬಾಯಿ ಪೇಪರು ಒಗೆದಂತೆ ಮನೆಮುಟ್ಟ ಒಗೆದು ಹೋಗುತ್ತಾರೆ ಎಂದು.

ತಿಕೀಟು

ಒಂದು ಬೇಸಿಗೆಯಲ್ಲಿ, ಅವ್ವ ಪೂರಾ ಆರಾಮ ಇದ್ದಾಳೆಂದು ಖಾತ್ರಿ ಮಾಡಿಕೊಂಡು, ನನ್ನ ದುಡಿಮೆಯ ರೊಕ್ಕ ಪರ್ಸಿನಲ್ಲಿಟ್ಟುಕೊಂಡು ಹೊರಟೆ. ಮನೆಯವರು ರೂಢಿಯಂತೆ ಕಿಸೆಗೆ ಕೈ ಹಾಕಿ ಬಾಯಿ ತೆರೆದವರು, ನಾನು ಏನೂ ಕೇಳಿಲ್ಲವೆಂಬುದು ತಿಳಿದು ಬರಿಗೈ ಹೊರತೆಗೆದು ನನ್ನ ಚೀಲ ಎತ್ತಿಕೊಟ್ಟರು. ಅವರ ಬಾಯಲ್ಲೇ ಉಳಿದ ಆ 'ಯಾಕ' ನನಗೆ ಬಸ್ ಸ್ಟ್ಯಾಂಡಿನವರೆಗೂ ಜೊತೆ ಬಂತು.

ಧಾರವಾಡದ ಬಸ್ಸು ಕಿಕ್ಕಿರಿದಿತ್ತು. ಇಬ್ಬರ ಸೀಟಿನಲ್ಲಿ ಮೂರನೆಯವಳಾಗಿ ತುದಿಗೆ ಕೂತೆ. ಕಂಡಕ್ಟರ್ ಬಂದ. ಪರ್ಸು ತೆರೆದು ಧಾರವಾಡ ಒಂದು ಅಂದರೆ, ಆಗಲೇ ಆಗಿದೆ ಎಂದು ಮುಂದಿನ ಸೀಟು ತೋರಿಸಿದ. ಅಲ್ಲಿ ಯಡೂರಿನ ಕಾಕಾ, ನಮ್ಮ ಮಾವನವರ ಹಳೆಯ ಗೆಳೆಯರು, ಕೈ ಎತ್ತಿ ನಗುತ್ತಿದ್ದರು. ನಮ್ಮ ಕಡೆ ಗುರುತಿನ ಹಿರಿಯರು ಬಸ್ಸಿನಲ್ಲಿದ್ದರೆ ಹೆಣ್ಣುಮಕ್ಕಳ ತಿಕೀಟು ಅವರೇ ತೆಗೆಸಬೇಕು. ಅದು ಅವರ ಮರ್ಯಾದೆಯ ಮಾತು.

ಎದ್ದು ಹೋಗಿ ರೊಕ್ಕ ಚಾಚಿದೆ. ಕಾಕಾನ ಮುಖ ಬಾಡಿತು.

"ನಮ್ಮ ದೋಸ್ತನ ಸೊಸಿ ನೀನು. ನಾ ಕುಂತ ಬಸ್ಸಿನ್ಯಾಗ ನೀ ತಿಕೀಟ ತಗಿಯೂದಂದ್ರ ಹೆಂಗವಾ?"

ಸುತ್ತಲಿನವರು ಹೌದ್ರಿ, ಹೌದ್ರಿ ಅಂದರು. ಅಷ್ಟು ಪ್ರೀತಿಯ ಮನುಷ್ಯನ ಜೊತೆ ಜಗಳ ಹೇಗೆ ಆಡುವುದು? ಕತ್ತರಿಸಿದ ಬೆನ್ನುಗಳು, ಬಡಿದ ಬೆನ್ನು, ನಿಲ್ಲದ ಲೂನಾ ಎಲ್ಲ ಕಣ್ಣ ಮುಂದೆ ಬಂದವು. ಇಷ್ಟೆಲ್ಲ ಆಗಿ ಮತ್ತೆ ಯಾರದೋ ತಿಕೀಟಿನಲ್ಲಿ ಅವ್ವನ ಮನೆಗೆ ಹೋಗುವುದೇ? ಕಂಡಕ್ಟರನ ಹತ್ತಿರ ಹೋಗಿ ಮೆಲ್ಲಗೆ, ಇನ್ನೊಂದು ಧಾರವಾಡ ಕೊಡ್ರಿ ಅಂದೆ.

"ಯಾರ್ದರಿ?"

"ನಂದು."

"ನಿಮ್ಮದು ಕಾಕಾರು ತಗಸ್ಯಾರಲ್ರಿ ಅಕ್ಕಾರ. ಮತ್ತ ಯಾಕ?"

ಬಸ್ಸಿನಲ್ಲೂ ಅದೇ ಯಾಕ. ಆದರೆ ಈ ಸಲ ನನಗೆ ಉತ್ತರ ಬರುತ್ತಿತ್ತು.

"ಅದು ಅವರ ದೋಸ್ತನ ಸೊಸೀದು. ಇದು ನಂದು."

ಅವನು ನನ್ನನ್ನೊಮ್ಮೆ ನೋಡಿದ, ನಾನು ಎದ್ದು ಬಂದ ಸೀಟಿನ ತುದಿಯನ್ನೊಮ್ಮೆ ನೋಡಿದ, ತಿಕೀಟು ಹರಿದು ಕೈಗಿಟ್ಟ.

"ಹಂಗಾರ ಆ ಸೊಸೀಗೆ ಸ್ವಲ್ಪ ಸರದ ಕುಂಡ್ರಾಕ ಹೇಳ್ರಿ. ಜಾಗಾ ಒಂದ ಐತಿ."