ಜರೆಲ್‌ನ ಅಜ್ಜಿಯಿಂದ ವರ್ಗಾವಣೆ ಪೋರ್ಟಲ್ಲಿಗೆ

ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರ ವರ್ಗಾವಣೆ ಪೋರ್ಟಲ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಕೆಂಟಕಿಯ ಪಶ್ಚಿಮದ ಮೂಲೆಯಲ್ಲಿ, ಒಹಾಯೊ ನದಿ ಮೊಣಕೈ ಮಡಿಸಿದಂತೆ ತಿರುಗುವ ಹಾಲಿಸ್ ಬೆಂಡ್ ಎಂಬ ಊರಿನಿಂದ ಅರ್ನೆಸ್ಟೀನ್ ಕ್ರಚ್‌ಫೀಲ್ಡ್ ಎಂಬ ಎಪ್ಪತ್ತನಾಲ್ಕು ವರ್ಷದ ವಿಧವೆ ಮಾಡುವ ಅನಂತ ವಂದನೆಗಳು. ತಾವು ಮನುಷ್ಯರಲ್ಲ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ, ಕಂಪ್ಯೂಟರಿನೊಳಗಿನ ಬರೀ ಒಂದು ಪಟ್ಟಿ ಎಂದು ನನ್ನ ಮೊಮ್ಮಗ ಹೇಳುತ್ತಾನೆ. ಆದರೆ ಯಾರ ಹೆಸರು ಕೇಳಿದರೆ ಸೂಟು ತೊಟ್ಟ ದೊಡ್ಡ ದೊಡ್ಡ ಗಂಡಸರು ಎದ್ದುಬಿದ್ದು ಓಡುತ್ತಾರೋ ಅಂಥವರನ್ನು ಏಕವಚನದಲ್ಲಿ ಕರೆಯುವ ಧೈರ್ಯ, ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದ ನನಗಿಲ್ಲ. ತಾವೂ ತಮ್ಮ ಪಟ್ಟಿಯಲ್ಲಿರುವ ಎರಡು ಸಾವಿರ ಮಕ್ಕಳೂ ಕ್ಷೇಮವೆಂದು ಭಾವಿಸುತ್ತೇನೆ. ಎರಡು ಸಾವಿರದಲ್ಲಿ ಒಂದು ಹೆಸರನ್ನು ದಯವಿಟ್ಟು ಅಳಿಸಿಕೊಡಬೇಕೆಂದು ಬೇಡಿಕೊಳ್ಳಲು ಈ ಪತ್ರ. ಹೆಸರು: ಜರೆಲ್ ಕ್ರಚ್‌ಫೀಲ್ಡ್. ಎತ್ತರ ಆರಡಿ ಎಂಟಂಗುಲ. ಸಂಬಂಧದಲ್ಲಿ ನನ್ನ ಮೊಮ್ಮಗ.

ಅವನ ತಾಯಿ, ಎಂದರೆ ನನ್ನ ಮಗಳು ಲವೋನ್, ನದಿಯಲ್ಲಿ ಸರಕಿನ ದೋಣಿಗಳನ್ನು ತಳ್ಳಿಕೊಂಡು ಹೋಗುವ ಹಡಗಿನ ಅಡುಗೆಯವಳು. ಇಪ್ಪತ್ತೆಂಟು ದಿನ ನೀರಿನ ಮೇಲೆ, ಹದಿನಾಲ್ಕು ದಿನ ಮನೆಯಲ್ಲಿ. ಆದ್ದರಿಂದ ಹುಡುಗ ಬೆಳೆದದ್ದು ನನ್ನ ಕೈಯಲ್ಲಿ. ಅವನು ಹೈಸ್ಕೂಲಿನಲ್ಲಿದ್ದಾಗ ಕಾಲೇಜಿಗೆ ಆಟಗಾರರನ್ನು ಒಲಿಸಿಕೊಳ್ಳುವ ಪದ್ಧತಿಯೇ ಬೇರೆಯಾಗಿತ್ತು. ಪಕ್ಕದ ಜಿಲ್ಲೆಯ ಕಾಲೇಜೊಂದರ ಸಹಾಯಕ ಕೋಚ್ ಆಗಿದ್ದ ಒರಿನ್ ಹೇಸ್ಟಿ ಎಂಬ ತೆಳ್ಳನೆಯ ಮನುಷ್ಯ ಎರಡು ವರ್ಷ ಭಾನುವಾರ ಬಿಟ್ಟು ಭಾನುವಾರ ನಮ್ಮ ಚರ್ಚಿಗೆ ಬಂದು, ನನ್ನ ಪಕ್ಕ ಕೂತು, ಪ್ರತಿ ಹಾಡನ್ನೂ ಶ್ರುತಿ ತಪ್ಪಿ ಹಾಡಿ, ಬಳಿಕ ನನ್ನ ಅಡುಗೆಮನೆಯಲ್ಲಿ ಕರಿದ ಮೀನು ತಿಂದು ಹೋಗುತ್ತಿದ್ದ. ಆಟದ ಮಾತು ಆಡಿದ್ದು ಕಡಿಮೆ. ಹುಡುಗನಿಗೆ ಭೂಮಿ ಅಳೆಯುವ ಸರ್ವೇ ಕೆಲಸದ ಹುಚ್ಚು ಎಂದು ತಿಳಿದ ದಿನ ಮಾತ್ರ, "ಅಮ್ಮಾ, ನಮ್ಮಲ್ಲಿ ಸರ್ವೇ ಕಲಿಸ್ತಾರೆ. ಇವನು ಪಾಸಾಗೋದು ನನ್ನ ಜವಾಬ್ದಾರಿ. ಬಾಲ್ ಹಾಕೋದು ಅವನ ಜವಾಬ್ದಾರಿ," ಎಂದ. ನಾನು ಒಪ್ಪಿದೆ. ಆ ಕಾಲೇಜಿನ ಬಣ್ಣ ಕೆಂಪು. ಕಾಲೇಜುಗಳ ಹೆಸರು ಎತ್ತಿ ಯಾರ ಮಾನವನ್ನೂ ಹರಾಜು ಹಾಕಲು ಇಷ್ಟವಿಲ್ಲದ್ದರಿಂದ ಮುಂದೆಯೂ ಬಣ್ಣದಿಂದಲೇ ಗುರುತಿಸುತ್ತೇನೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಕೆಂಪು ಕಾಲೇಜಿನ ಮುಖ್ಯ ಕೋಚ್, ಮಕ್ಕಳನ್ನೆಲ್ಲ ಕೂರಿಸಿಕೊಂಡು ನಿಷ್ಠೆಯೆಂದರೇನು ಎಂಬ ವಿಷಯವಾಗಿ ಮುಕ್ಕಾಲು ಗಂಟೆ ಮಾತಾಡಿ, ಮಾತು ಮುಗಿಸಿ ನೇರವಾಗಿ ಬೇರೆ ಕಾಲೇಜಿನ ವಿಮಾನ ಹತ್ತಿದರು. ಹೇಸ್ಟಿಯ ಕೆಲಸವೂ ಹೋಯಿತು. ಆತ ಈಗ ಸರಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ದಿಕ್ಕು ತೋಚದ ಜರೆಲ್ ಸೋಮವಾರ ಬೆಳಗಿನ ತಿಂಡಿಯ ಹೊತ್ತಿನಲ್ಲಿ ತಮ್ಮ ಪಟ್ಟಿಯಲ್ಲಿ ಹೆಸರು ಹಾಕಿದ. ನಾನು ಬಾಣಲೆಯಿಂದ ಮೊಟ್ಟೆ ತಟ್ಟೆಗಿಳಿಸುವಷ್ಟರಲ್ಲಿ ಅವನ ಫೋನು ಮೂವತ್ತು ಸಲ ಬಡಿದುಕೊಂಡು ಮೇಜಿನಿಂದ ಕೆಳಗೆ ಹಾರಿತು. ತಮ್ಮ ಕಾರ್ಯದಕ್ಷತೆಗೆ ನಾನು ಅಂದೇ ತಲೆಬಾಗಿದೆ. ನಮ್ಮ ಅಂಚೆ ಇಲಾಖೆಗೆ ತಮ್ಮ ಹತ್ತರಲ್ಲೊಂದು ಪಾಲು ಚುರುಕಿದ್ದಿದ್ದರೆ ನನ್ನ ಮದುವೆಯ ಕರೆಯೋಲೆಗಳು ಮದುವೆಗೆ ಮೊದಲೇ ತಲುಪಿರುತ್ತಿದ್ದವು.

ಆಮೇಲೆ ಬಂದವರ ಸೌಜನ್ಯವನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಕಿತ್ತಳೆ ಬಣ್ಣದ ಕಾಲೇಜಿನ ಕೋಚ್ ಹೆಲಿಕಾಪ್ಟರಿನಲ್ಲಿ ಇಳಿದರು. ಆ ಗಾಳಿಗೆ ಲೂಡಿಯ ಕೋಳಿಗಳು ಒಂಬತ್ತು ದಿನ ಮೊಟ್ಟೆ ಇಡಲಿಲ್ಲ. ಲೂಡಿ ನನ್ನ ನೆರೆಯವಳು, ಚರ್ಚಿನ ಗೆಳತಿ. ಮರುವರ್ಷ ಹಸಿರು ಕಾಲೇಜಿನ ಕೋಚ್ ಬಂದ ದಿನವೇ ಬೀದಿಯ ಕೊನೆಮನೆಯ ಕ್ಲೀಟಸ್ ಮರ್ಡಕ್‌ನ ಅಂತ್ಯಸಂಸ್ಕಾರವಿತ್ತು. ಜೀವಮಾನದಲ್ಲಿ ಕ್ಲೀಟಸ್‌ನ ಮುಖ ಕಾಣದ ಆ ಕೋಚ್ ಶವಪೆಟ್ಟಿಗೆಗೆ ಹೆಗಲು ಕೊಟ್ಟದ್ದಲ್ಲದೆ ಸಮಾಧಿಯ ಬಳಿ ವಿಧವೆಗಿಂತ ಹೆಚ್ಚು ಅತ್ತರು. ಕೊನೆಗೆ ವಿಧವೆಯೇ ಅವರ ಬೆನ್ನು ಸವರಿ, "ಸಮಾಧಾನ ಮಾಡ್ಕೊಳಪ್ಪಾ, ಅವ್ರು ನಿಂಗೆ ಏನಾಗ್ಬೇಕಿತ್ತು?" ಎಂದು ಕೇಳಬೇಕಾಯಿತು.

ನನ್ನ ಮನೆಯ ಮುಂಬಾಗಿಲಿನ ವಿಷಯವನ್ನೂ ನಿವೇದಿಸಬೇಕು. ಕಿತ್ತಳೆ ಕಾಲೇಜಿನ ಅಭಿಮಾನಿಗಳು ಒಂದು ಶನಿವಾರ ಬಂದು, ಹೇಳದೆ ಕೇಳದೆ, ಜಗುಲಿ ಕಿಟಕಿ ಬಾಗಿಲಿಗೆಲ್ಲ ಕಿತ್ತಳೆ ಬಣ್ಣ ಬಳಿದು ಕೊಟ್ಟರು. ಮರುವರ್ಷ ಹಸಿರಿನವರು ಅದರ ಮೇಲೆ ಎರಡು ಕೈ ಹಸಿರು ಬಳಿದರು. ಅದರ ಮರುವರ್ಷ ನೇರಳೆಯವರು, ಹಸಿರು ಇಣುಕಬಾರದೆಂದು ಮೂರು ಕೈ. ಈಗ ಪ್ರೀತಿಯ ದಪ್ಪ ಹೆಚ್ಚಾಗಿ ಬಾಗಿಲು ಮುಚ್ಚುತ್ತಿಲ್ಲ. ಚಳಿಗಾಲದಲ್ಲಿ ಅದಕ್ಕೊಂದು ಕುರ್ಚಿ ಒತ್ತರಿಸಿ ಕೂರುತ್ತೇನೆ.

ಆಟಗಾರರಿಗೆ ಕಾಲೇಜುಗಳು ಕೊಡುವ ಹಣದ ವಿಚಾರವನ್ನು ಚರ್ಚಿಗೆ ಹೋಗುವ ಹೆಂಗಸು ಬರೆಯಬಾರದು. ಆದರೆ ಒಂದು ಸತ್ಯ ಬರೆಯಲೇಬೇಕು: ತಪ್ಪು ತಮ್ಮದೊಂದೇ ಅಲ್ಲ. ಜಗತ್ತು ನನ್ನ ಜಗುಲಿಗೆ ಬಂದು "ಅಮ್ಮಾ" ಎಂದು ಕೈಕಟ್ಟಿ ನಿಲ್ಲುವುದು ನನಗೆ ಹಿತವಾಗಿತ್ತು. ಹಸಿರಿಗೆ ಹೋಗಲು ಜರೆಲ್ ಹಿಂದುಮುಂದು ನೋಡಿದಾಗ, "ಅಷ್ಟು ಅತ್ತಿದಾರೆ ಪಾಪ, ಹೋಗೋ," ಎಂದು ದೂಡಿದವಳು ನಾನೇ. ಹೇಸ್ಟಿ ಮಾತ್ರ ಆಗಾಗ ಬಂದು ಮೀನು ತಿನ್ನುತ್ತ, "ಅಮ್ಮಾ, ಅವನ ಸರ್ವೇ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದ. ನಾನು ಇನ್ನೆರಡು ಮೀನು ಬಡಿಸಿ ಅವನ ಬಾಯಿ ಮುಚ್ಚಿಸುತ್ತಿದ್ದೆ.

ವರ್ಷಕ್ಕೊಂದು ಕಾಲೇಜಿನಂತೆ ಕಿತ್ತಳೆ, ಹಸಿರು, ನೇರಳೆ ಸುತ್ತಿದ ಹುಡುಗನ ಸರ್ವೇ ಎಲ್ಲಿಗೂ ಬಂದಿರಲಿಲ್ಲ. ಕಿತ್ತಳೆಯಲ್ಲಿ ಆ ವಿಷಯವೇ ಇಲ್ಲವಾದ್ದರಿಂದ ಹುಡುಗನನ್ನು ಹೋಟೆಲ್ ನಿರ್ವಹಣೆಗೆ ಹಾಕಿದರು. ಅಲ್ಲಿ ಪಾಸಾದ ಪಾಠಗಳನ್ನು ಹಸಿರಿನವರು ಲೆಕ್ಕಕ್ಕೆ ಹಿಡಿಯಲಿಲ್ಲ, ಹಸಿರಿನವನ್ನು ನೇರಳೆಯವರು ಹಿಡಿಯಲಿಲ್ಲ. ಎಲ್ಲ ಕಡೆಯೂ ಹೊಸಬರು ಓದಲೇಬೇಕಾದ "ಕಾಲೇಜು ಜೀವನಕ್ಕೆ ಪ್ರವೇಶ" ಎಂಬ ಒಂದು ಪಾಠವಿದೆಯಂತೆ. ಗ್ರಂಥಾಲಯ ಎಲ್ಲಿದೆ, ಮನೆ ನೆನಪಾದರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ನನ್ನ ಮೊಮ್ಮಗ ಅದನ್ನು ನಾಲ್ಕು ಸಲ ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ್ದಾನೆ. ನಾಲ್ಕನೆಯ ಸಲ ಮೇಷ್ಟ್ರಿಗೆ ಜ್ವರ ಬಂದಾಗ ಎರಡು ವಾರ ಅವನೇ ಪಾಠ ಮಾಡಿದ. ಹೀಗೆ ನಾಲ್ಕು ವರ್ಷ ಕಾಲೇಜನ್ನು ಪ್ರವೇಶಿಸಿ ಪ್ರವೇಶಿಸಿ, ಒಳಗೆ ಹೋಗದೆ ಉಳಿದ ವಿದ್ಯಾರ್ಥಿ ತಮ್ಮ ಕೃಪೆಯಿಂದ ನಮ್ಮ ವಂಶದಲ್ಲಿ ಹುಟ್ಟಿದ.

ಕಳೆದ ಜನವರಿಯಲ್ಲಿ ನೇರಳೆಗೂ ಕಿತ್ತಳೆಗೂ ಬೇರೊಂದು ಊರಿನ ಅಂಗಣದಲ್ಲಿ ಪಂದ್ಯವಿತ್ತು. ಲೂಡಿಯ ಕಾರಿನಲ್ಲಿ ಇಬ್ಬರೂ ಹೋದೆವು. ಹಿಂದಿನ ವರ್ಷ ಹಸಿರಿನಲ್ಲಿ ಜರೆಲ್‌ನ ಜೊತೆ ಆಡುತ್ತಿದ್ದ ಮೀಲೋಶ್ ಎಂಬ ಸರ್ಬಿಯಾದ ಹುಡುಗ ಈಗ ಕಿತ್ತಳೆಯ ಕಡೆಗಿದ್ದ. ನೇರಳೆಯಲ್ಲಿ ಜರೆಲ್‌ನ ಜೊತೆಗಿದ್ದ ನಾಲ್ವರೂ ಹೊಸಬರು. ಆಟ ಬಿರುಸಾದಾಗ ಜರೆಲ್ ಚೆಂಡು ಹಿಡಿದು ತಿರುಗಿದ, ಪರಿಚಯದ ಕೈಯೊಂದು ಮೇಲೆದ್ದದ್ದು ಕಂಡ, ಕಣ್ಣುಮುಚ್ಚಿ ಎಸೆದ. ಅಂಥ ಸೊಗಸಾದ ಪಾಸನ್ನು ನಾನು ಜನ್ಮದಲ್ಲಿ ನೋಡಿಲ್ಲ. ಮೀಲೋಶ್ ಹಿಡಿದ, ಬುಟ್ಟಿಗೆ ಹಾಕಿದ, ಅಭ್ಯಾಸಬಲದಿಂದ ನನ್ನ ಮೊಮ್ಮಗನ ಬೆನ್ನು ತಟ್ಟಿದ. ಎದುರಾಳಿಗೆ ಎರಡು ಅಂಕ. ಹೀಗೆ ಮೂರು ಸಲವಾಯಿತು. ಮೊದಲ ಸಲ ಜನ ಸುಮ್ಮನಿದ್ದರು, ಎರಡನೆಯ ಸಲ ಗುಸುಗುಸು, ಮೂರನೆಯ ಸಲ ಹತ್ತು ಸಾವಿರ ಮಂದಿ ಹೊಟ್ಟೆ ಹಿಡಿದು ನಕ್ಕರು. ನಮ್ಮ ಹಿಂದೆ ಕೂತವನೊಬ್ಬ, "ಏಯ್ ಲಂಬೂ, ನೀನು ಯಾರ ಮನೆ ಅಳಿಯನೋ?" ಎಂದು ಕೂಗಿದ. ಲೂಡಿ ತನ್ನ ಕೈಚೀಲದಿಂದ ಅವನ ಟೋಪಿಗೆ ಒಂದು ಬಿಟ್ಟಳು. ನಾನು ನಗುವವರ ನಡುವೆ ಕೂತು, ಕೋಚ್ ಜರೆಲ್‌ನನ್ನು ಹೊರಗೆ ಕರೆದು ಬೆಂಚಿನ ತುದಿಗೆ ಕೂರಿಸಿದ್ದನ್ನೂ ಅವನು ತಲೆಗೆ ಟವೆಲ್ ಹೊದ್ದದ್ದನ್ನೂ ನೋಡಿದೆ.

ಪಂದ್ಯ ಮುಗಿದ ಮೇಲೆ ಹುಡುಗ ಎಲ್ಲಿಯೂ ಇಲ್ಲ. ನೇರಳೆಯವರ ಬಸ್ಸಿನಲ್ಲಿ ಹುಡುಕಿದೆ, ಇಲ್ಲ. ಮ್ಯಾನೇಜರು, "ತಲೆ ಎಣಿಸಿದೀನಿ ಕಣಮ್ಮಾ, ಸರಿಯಾಗಿದೆ," ಎಂದರು. ಕೊನೆಗೆ ಅವನು ಸಿಕ್ಕಿದ್ದು ಪಕ್ಕದಲ್ಲಿ ನಿಂತಿದ್ದ ಕಿತ್ತಳೆಯವರ ಬಸ್ಸಿನ ಹಿಂದಿನ ಸೀಟಿನಲ್ಲಿ. ಅಲ್ಲಿಯೂ ಎಲ್ಲ ಹೊಸಬರಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಅವರ ಲೆಕ್ಕವೂ ಸರಿಯಾಗಿತ್ತು, ಏಕೆಂದರೆ ಅವರ ಹುಡುಗನೊಬ್ಬ ನಮ್ಮ ಬಸ್ಸಿನಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ.

"ಅಜ್ಜೀ, ಇದು ನಮ್ಮ ಬಸ್ ಅಲ್ವಾ?" ಎಂದ ಜರೆಲ್.

"ಅಲ್ಲ ಕಂದಾ, ಏಳು."

ಅವನು ಏಳಲಿಲ್ಲ. "ನಂಗೆ ಈ ಸಲ ಒಬ್ಬರ ಹೆಸರೂ ಗೊತ್ತಿಲ್ಲ ಅಜ್ಜಿ. ಎಲ್ರನ್ನೂ 'ಗುರೂ' ಅಂತೀನಿ. ಅವ್ರೂ ನನ್ನ 'ಗುರೂ' ಅಂತಾರೆ. ಇವತ್ತು ಇಡೀ ಅಂಗಣದಲ್ಲಿ ಹೆಸರು ಗೊತ್ತಿದ್ದೋನು ಮೀಲೋಶ್ ಒಬ್ನೇ. ಅದಕ್ಕೇ ಕೊಟ್ಟೆ."

ಮಾನ್ಯರೇ, ಆರಡಿ ಎಂಟಂಗುಲದ ಮನುಷ್ಯ ಅಳುವಾಗ ಅಜ್ಜಿಯ ಭುಜಕ್ಕೆ ತಲೆಯಿಡಲು ಎಷ್ಟು ಬಾಗಬೇಕಾಗುತ್ತದೆ ಎಂಬುದು ತಮ್ಮ ಪಟ್ಟಿಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಏಪ್ರಿಲ್ ಬಂತು, ತಮ್ಮ ಬಾಗಿಲು ತೆರೆಯಿತು. ನೇರಳೆಯವರೇ ಅವನ ಹೆಸರನ್ನು ಪಟ್ಟಿಗೆ ಹಾಕಿಕೊಳ್ಳಲು ನಯವಾಗಿ ಸೂಚಿಸಿದ್ದರಿಂದ ಅವನು ಐದನೆಯ ಊರಿಗೆ ಮನಸ್ಸಿಲ್ಲದ ಮನಸ್ಸಿನಿಂದ ಸಿದ್ಧನಾದ. ಬಂದ ಕೋಚುಗಳಲ್ಲಿ ನಾಲ್ವರಿಗೆ ನಾನು ಒಂದೇ ಶನಿವಾರ ಮಧ್ಯಾಹ್ನದ ಊಟಕ್ಕೆ ಹೇಳಿ ಕಳಿಸಿದೆ. ಒಬ್ಬರಿಗೆ ಇನ್ನೊಬ್ಬರು ಬರುವುದು ತಿಳಿಸಿರಲಿಲ್ಲ. ಹೇಸ್ಟಿಗೂ ಹೇಳಿದ್ದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತ, ನನ್ನ ಮೀನನ್ನು ಪೈಪೋಟಿಯಿಂದ ಹೊಗಳುತ್ತ ಕೂತರು. ಮೆಕ್ಕೆಜೋಳದ ರೊಟ್ಟಿಯ ಬುಟ್ಟಿ ಒಂದು ಸುತ್ತು ಬಂದ ಮೇಲೆ ನಾನು ಕೇಳಿದೆ:

"ಒಂದು ಮಾತು ಕೇಳ್ತೀನಿ, ಸರಿಯಾಗಿ ಹೇಳಿದೋರ ಜೊತೆ ಹುಡುಗನ್ನ ಕಳಿಸ್ತೀನಿ. ನನ್ನ ಮೊಮ್ಮಗ ಏನು ಓದ್ತಿದಾನೆ?"

ನಾಲ್ವರೂ ಒಟ್ಟಿಗೆ ರೊಟ್ಟಿಯ ಬುಟ್ಟಿಗೆ ಕೈ ಹಾಕಿದರು.

"ನಮ್ಮಲ್ಲಿ ಎಲ್ಲಾ ವಿಷಯಾನೂ ಇದೆ ಅಮ್ಮಾ," ಎಂದರು ಮೊದಲನೆಯವರು.

"ಅದು... ಸಂವಹನ ಅಲ್ವಾ?" ಎಂದು ಎರಡನೆಯವರು ಮೂರನೆಯವರನ್ನು ಕೇಳಿದರು.

ಮೂರನೆಯವರು ಮೇಜಿನಡಿಯಲ್ಲಿ ಫೋನು ಒತ್ತುತ್ತಿದ್ದರು. ನಾಲ್ಕನೆಯವರು, "ಗಾಳಿ ಬಂದಾಗ ತೂರಿಕೊಳ್ಳಬೇಕಮ್ಮಾ, ಓದು ಎಲ್ಲಿಗೆ ಹೋಗುತ್ತೆ?" ಎಂದರು.

"ನಾಲ್ಕು ವರ್ಷ ತೂರಿದ್ದಾಯ್ತು ಸ್ವಾಮೀ," ಎಂದೆ. "ಕಾಳು ಯಾರ ಕಣಜಕ್ಕೆ ಹೋಯ್ತು ಅಂತ ಈಗ ಹೊಟ್ಟು ಹಿಡ್ಕೊಂಡು ಕೂತಿರೋಳು ನಾನು."

ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಹೇಸ್ಟಿ, ಬಾಯಲ್ಲಿದ್ದ ತುತ್ತು ನುಂಗಿ, "ಸರ್ವೇ. ಮೊದಲನೇ ವರ್ಷದ್ದು ಎಲ್ಲಾ ಪಾಸು. ಇನ್ನು ಮೂರು ವರ್ಷದ ಪಾಠ ಬಾಕಿ," ಎಂದ. ಮೇಜಿನ ತುದಿಯಲ್ಲಿ ಕೂತಿದ್ದ ಜರೆಲ್ ಎದ್ದು ನಿಂತ. ನಮ್ಮ ಸೂರು ತಗ್ಗು, ತಲೆ ಬಗ್ಗಿಸಿಯೇ ನಿಂತ. "ಎಲ್ರೂ ಊಟ ಮುಗ್ಸಿ ಹೋಗಿ. ನಾನು ಎಲ್ಲಿಗೂ ಬರಲ್ಲ," ಎಂದ. ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ನಾಲ್ಕನೆಯವರು ಹೋಗುವಾಗ ಹೇಸ್ಟಿಯನ್ನು ಜಗುಲಿಗೆ ಕರೆದು ತಮ್ಮಲ್ಲಿ ಒಂದು ಕೆಲಸ ಖಾಲಿಯಿದೆ ಎಂದರಂತೆ. "ನಂಗೆ ಶಾಲೆಯಿದೆ," ಎಂದನಂತೆ ಹೇಸ್ಟಿ.

ಜರೆಲ್ ಪಾಸು ಮಾಡಿದ ಸರ್ವೇ ಪಾಠಗಳನ್ನು ಒಪ್ಪುವ ಕಾಲೇಜು ಕೆಂಪು ಒಂದೇ, ಏಕೆಂದರೆ ಅವನ್ನು ಕಲಿಸಿದ್ದೇ ಅವರು. ಅಲ್ಲಿನ ಹೊಸ ಕೋಚಿಗೆ ಇವನು ಬೇಡ. ತಮ್ಮ ಪಟ್ಟಿಯಿಂದಲೇ ಅವರು ಹದಿನೈದು ಜನರನ್ನು ಆರಿಸಿಕೊಂಡಿದ್ದಾರೆ. ಆದ್ದರಿಂದ ನನ್ನ ಮೊಮ್ಮಗ ಬರುವ ಆಗಸ್ಟಿನಿಂದ ಚೆಂಡಿಲ್ಲದ ಬರೀ ವಿದ್ಯಾರ್ಥಿ. ಇದನ್ನು ಬರೆಯುವಾಗ ನನಗೆ ಸಂತೋಷವಿದೆ ಎಂದರೆ ಸುಳ್ಳಾಗುತ್ತದೆ. ಅವನ ಆಟ ನೋಡಲು ಚಂದ. ಬುಧವಾರ ಸಂಜೆ ಚರ್ಚಿನ ಹಿಂದಿನ ಅಂಗಳದಲ್ಲಿ ಹೊಟ್ಟೆ ಬಂದ ಗಂಡಸರ ಜೊತೆ ಆಡುತ್ತಾನೆ. ಎಲ್ಲರ ಹೆಸರು ಹಿಡಿದು ಕೂಗುತ್ತಾನೆ.

ಆದರೆ ತಮ್ಮ ಪಟ್ಟಿ ಅವನನ್ನು ಬಿಡುತ್ತಿಲ್ಲ. ಮೂರು ಸಲ ಹೆಸರು ಹಿಂತೆಗೆದುಕೊಂಡರೂ "ಸಕ್ರಿಯ" ಎಂದೇ ತೋರಿಸುತ್ತಿದ್ದೀರಿ. ನಿನ್ನೆ ಅಲಾಸ್ಕದಿಂದ ಒಬ್ಬರು ಕರೆದು ಹಿಮಕರಡಿಗಳ ಸಜ್ಜನಿಕೆಯನ್ನು ವರ್ಣಿಸಿದರು. ಆದಕಾರಣ ತಾವು ಕೃಪೆಮಾಡಿ ಒಂದೋ ಅವನ ಹೆಸರನ್ನು ಅಳಿಸಬೇಕು. ಇಲ್ಲವೇ ತಾವೇ ಖುದ್ದಾಗಿ ಬಂದು, ನಾಲ್ಕು ಕಾಲೇಜುಗಳಲ್ಲಿ ಕಳೆದುಹೋದ ಪಾಠಗಳನ್ನು ಹುಡುಕಿ, ಒಂದೇ ಕಟ್ಟಿನಲ್ಲಿ ಕಟ್ಟಿ, ವಿಳಾಸ ಬರೆದು ಕಳಿಸಬೇಕು. ಅದೂ ಆಗದಿದ್ದಲ್ಲಿ, ತಾವು ಒಂದೇ ಒಂದು ವರ್ಷ ಬೇರೊಂದು ಆಟಕ್ಕೆ ವರ್ಗ ಮಾಡಿಸಿಕೊಂಡು, ಅಲ್ಲಿನ "ಪ್ರವೇಶ" ಪಾಠವನ್ನು ಓದಿ ನೋಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ, ಹಾಲಿಸ್ ಬೆಂಡ್ ಬಿಟ್ಟು ಎಲ್ಲಿಗೂ ಹೋಗದವಳು,
ಅರ್ನೆಸ್ಟೀನ್ ಕ್ರಚ್‌ಫೀಲ್ಡ್

ಮರೆತ ಮಾತು: ಈ ಪತ್ರವನ್ನು ತಮಗೆ ಕಳಿಸಲು ಹೋದಾಗ, ದೂರು ಹೇಳಿಕೊಳ್ಳಲು ತಮ್ಮಲ್ಲಿ ಜಾಗವೇ ಇಲ್ಲವೆಂದೂ, ಇರುವ ಒಂದೇ ಅರ್ಜಿಯನ್ನು, ಎಂದರೆ ಆಟಗಾರರು ಪಟ್ಟಿಗೆ ಸೇರುವ ಅರ್ಜಿಯನ್ನು, ತುಂಬಿದರೆ ಮಾತ್ರ ಕಾಗದ ಒಳಗೆ ಹೋಗುವುದೆಂದೂ ತಿಳಿಯಿತು. ಕೇಳಿದ್ದನ್ನೆಲ್ಲ ಪ್ರಾಮಾಣಿಕವಾಗಿ ತುಂಬಿದೆ: ಎತ್ತರ ಐದಡಿ ಒಂದಂಗುಲ, ಯಾವ ಕಾಲೇಜಿಗೂ ಆಡಿಲ್ಲ. ಅಂದಿನಿಂದ ಜರೆಲ್‌ಗೆ ಒಂದು ಕರೆಯೂ ಇಲ್ಲ, ಹುಡುಗ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ನೆಮ್ಮದಿಯಿಂದ ಓದುತ್ತಿದ್ದಾನೆ. ಕ್ರಚ್‌ಫೀಲ್ಡ್ ಎಂಬ ಹೆಸರಿಗೆ ಬರುವ ಕರೆಗಳೆಲ್ಲ ಈಗ ನನಗೆ. ಇಂದು ಬೆಳಗ್ಗೆ ಒಬ್ಬ ಕೋಚ್, ನನ್ನ ಮಂಡಿನೋವಿನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಇನ್ನೂ ನಾಲ್ಕು ವರ್ಷ ಆಡೋ ಶಕ್ತಿ ನಿಮ್ಮಲ್ಲಿದೆ ಅಮ್ಮಾ, ಬರೆದು ಕೊಡ್ತೀನಿ," ಎಂದರು. ನನ್ನ ಡಾಕ್ಟರು ಇದುವರೆಗೆ ಒಂದು ವರ್ಷಕ್ಕೂ ಬರೆದು ಕೊಟ್ಟಿಲ್ಲ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.