ಗಾಡಿಮನೆಯೊಳಗೆ ಮಲಗಿದವರು

ಒಂದು ಪೀಪಾಯಿ ನೀರಿನಲ್ಲಿ ಸಂಸಾರ ನಡೆಸಿ ತೋರಿಸುತ್ತೇನೆ ಎಂದು ನಾನು ಶಪಥ ಮಾಡಿದ್ದು ಹಿರೇಕೊಟ್ನೆಕಲ್ಲಿನ ನಮ್ಮ ಅತ್ತೆಯ ಮನೆಯ ಪಡಸಾಲೆಯಲ್ಲಿ, ಊಟಕ್ಕೆ ಕುಳಿತ ಎಲ್ಲರ ಎದುರಿಗೆ. ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು, ತಲೆಯ ಮೇಲೆ ಸೆರಗಿತ್ತು. ದನಿ ಮಾತ್ರ ರಾಯಚೂರಿನ ಕಾಲೇಜಿನ ಚರ್ಚಾಸ್ಪರ್ಧೆಯದೇ ಆಗಿತ್ತು! ನಾಲ್ಕು ಜನ ಚಪ್ಪಾಳೆ ತಟ್ಟಿಯಾರು ಎಂದು ಕಾದೆ. ಮಾವನವರು ಮಜ್ಜಿಗೆ ಕೇಳಿದರು.

ಸಂಗತಿ ಇಷ್ಟೇ. ನಮ್ಮವರು, ಅಂದರೆ ಪರಮಣ್ಣ, ರಸ್ತೆಯ ರೋಲರ್ ನಡೆಸುವವರು. ಮನೆತನವೆಲ್ಲ ಕುರಿಗಳ ಹಿಂದೆ ಅಡವಿ ಸುತ್ತಿದರೆ ಇವರೊಬ್ಬರು ರೋಲರಿನ ಮೇಲೆ ಕುಳಿತು ಸುತ್ತುತ್ತಿದ್ದರು. ರೋಲರಿನ ಬೆನ್ನಿಗೆ ತಗಡಿನ ಒಂದು ಗೂಡನ್ನು ಕಬ್ಬಿಣದ ಗಾಲಿಗಳ ಮೇಲೆ ಕೂಡಿಸಿ ಕಟ್ಟಿರುತ್ತಾರಲ್ಲ, ಅದೇ ಇವರ ವಾಸ. ಜನ ಅದಕ್ಕೆ ಗಾಡಿಮನೆ ಎನ್ನುತ್ತಿದ್ದರು. ರಸ್ತೆ ಎಲ್ಲಿಗೆ ಮುಟ್ಟಿತೋ ಮನೆ ಅಲ್ಲಿಗೆ. ಈ ಎಂಬತ್ತೊಂದರ ಬೇಸಿಗೆಯಲ್ಲಿ ಅದು ದೇವದುರ್ಗದಿಂದ ಮಾನ್ವಿಯ ಕಡೆಗೆ ಆಮೆಯ ಹಾಗೆ ಬರುತ್ತಿತ್ತು. ಮದುವೆಯಾದಂದಿನಿಂದ ನಾನು ಗಂಡನನ್ನು ಹೋಳಿಗೆಯ ಹಾಗೆ ಹಬ್ಬಕ್ಕೊಮ್ಮೆ ಕಾಣುತ್ತಿದ್ದೆ. ನನಗೆ ದಿನದ ರೊಟ್ಟಿಯ ಹಾಗೆ ಕಾಣಬೇಕಿತ್ತು. ಇದನ್ನು ಅತ್ತೆಯ ಎದುರು ಹೀಗೆ ಹೇಳಲಾಗುವುದಿಲ್ಲ. ಆದ್ದರಿಂದ ನೀರಿನ ಮೇಲೆ ಶಪಥ ಮಾಡಿದೆ.

ಅತ್ತೆ ಬೂದೆಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಅಡವ್ಯಾಗ ನೀರು ಎಲ್ಲಿಂದ ತರ್ತಿ?"

"ಪೀಪಾಯಿ ಅದ ಅತ್ತಿ."

"ಪೀಪಾಯಿ ಅದ. ಅದರಾಗ ನೀರು ಇರಬೇಕಲ್ಲ?"

"ಇರ್ತದ. ನಾನು ನೋಡ್ಕೊಂತೀನಿ."

"ಬಿ.ಎ.ದಾಗ ನೀರಿಂದೂ ಒಂದು ಪಾಠ ಇತ್ತೇನು?"

ಪಡಸಾಲೆಯೆಲ್ಲ ನಕ್ಕಿತು. ಆಮೇಲೆ ಅತ್ತೆ ತೀರ್ಪು ಕೊಟ್ಟರು. "ಹೋಗು. ಆದ್ರ ನಿನ್ನ ಬಾಯಿಂದ ನೀರಿಲ್ಲ ಅನ್ನೋ ಮಾತು ಒಮ್ಮಿ ಬಂತೋ, ಅವತ್ತೇ ಬಂಡಿ ಹತ್ತಿಸಿ ಕರ್ಕೊಂಡು ಬರ್ತೀನಿ. ಆಮ್ಯಾಲ ಗಂಡನ್ನ ಅಂವ ಬಂದಾಗ ನೋಡು!"

ಒಪ್ಪಿದೆ. ಗೆದ್ದವರ ಹಾಗೆ ಟ್ರಂಕು ಕಟ್ಟಿದೆ.

ಗಾಡಿಮನೆಯಲ್ಲಿ ಎದುರುಬದುರು ಎರಡು ಹಲಗೆಯ ಮಂಚ, ಒಂದು ಕಿಟಕಿ, ಒಂದು ಸ್ಟವ್ ಇದ್ದವು. ಕಿಟಕಿಯಿಂದ ನೋಡಿದರೆ ಕೊಯ್ದ ಜೋಳದ ಕೂಳೆ, ಅದರಾಚೆಗೆ ಬಿರುಕು ಬಿಟ್ಟ ಎರೆಹೊಲ, ಅದರಾಚೆಗೆ ಬಿಸಿಲೇ ನೀರಾಗಿ ಹರಿಯುವ ಬಯಲು. ನಿಜವಾದ ನೀರು ಎರಡು ಬಗೆ. ಹತ್ತಿರದ ಬಾವಿಯದು ಸವಳು. ಅದರಲ್ಲಿ ಸೋಪು ನೊರೆಯಾಗದು, ಬೇಳೆ ಬೇಯದು, ಬಾಯಿಗಂತೂ ಇಡಲಾಗದು. ಸಿಹಿನೀರನ್ನು ದೂರದ ಊರಿನಿಂದ ಖಾಸಿಂ ಸಾಬ್ ಎತ್ತಿನ ಬಂಡಿಯಲ್ಲಿ ತಂದು, ದಿನ ಬಿಟ್ಟು ದಿನ ನಮ್ಮ ಪೀಪಾಯಿ ತುಂಬುತ್ತಿದ್ದ. ತುಂಬಿದ ಕೂಡಲೇ ನಮ್ಮವರು ಅದರಿಂದ ಎರಡು ಡಬ್ಬಿ ನೀರು ಬಗ್ಗಿಸಿ ಬೀಗ ಹಾಕಿ ಇಡುತ್ತಿದ್ದರು. ಅದು ರೋಲರಿಗೆ!

"ಇಂಜಿನ್ನಿಗೆ ಸವಳು ನೀರು ಹಾಕಿದ್ರ ಒಳಗ ಉಪ್ಪು ಕಟ್ತದ," ಎಂದರು.

"ನನ್ನ ಹೊಟ್ಟ್ಯಾಗ ಕಟ್ಟಂಗಿಲ್ಲೇನ್ರಿ?"

"ನೀನು ತಾಳ್ಕೊಂತಿ. ಅದಕ್ಕ ತಾಳಿಕಿ ಇಲ್ಲ."

ಅಂದೇ ತಿಳಿಯಿತು. ಈ ಸಂಸಾರದಲ್ಲಿ ನಾನು ಕಿರಿಯ ಹೆಂಡತಿ. ಹಿರಿಯಳು ಹತ್ತು ಟನ್ನು ತೂಗುತ್ತಿದ್ದಳು.

ಆದರೂ ನನ್ನ ಆಡಳಿತ ಶುರುವಾಯಿತು. ಪಾತ್ರೆಗೆ ಬೂದಿ, ಸ್ನಾನಕ್ಕೆ ಸವಳು, ಬೇಳೆಗೆ ಮತ್ತು ಬಾಯಿಗೆ ಮಾತ್ರ ಸಿಹಿ. ಅಕ್ಕಿ ತೊಳೆದ ನೀರಿನಲ್ಲಿ ಕಾಯಿಪಲ್ಯ, ಕಾಯಿಪಲ್ಯ ತೊಳೆದ ನೀರಿನಲ್ಲಿ ತಟ್ಟೆ, ತಟ್ಟೆ ತೊಳೆದ ನೀರು ಬೇವಿನ ಮರಕ್ಕೆ. ಸವಳಿನಲ್ಲಿ ತೊಳೆದ ನನ್ನ ಕೂದಲು ಪುಂಡಿನಾರಿನಂತಾಯಿತು. ಇರಲಿ! ರಾಜ್ಯ ಆಳುವವರಿಗೆ ಕೂದಲಿನ ಚಿಂತೆ ಇರಬಾರದು.

ರಾಜ್ಯಕ್ಕೆ ಮುತ್ತಿಗೆ ಬಿದ್ದದ್ದು ರಸ್ತೆಯ ಕಡೆಯಿಂದ. ಆ ದಾರಿಯಲ್ಲಿ ನೆರಳಿದ್ದದ್ದು ನಮ್ಮ ಬೇವಿನ ಮರದಡಿ, ನೀರು ಕಾಣುತ್ತಿದ್ದದ್ದು ನಮ್ಮ ಬಾಗಿಲಲ್ಲಿದ್ದ ಪೀಪಾಯಿಯಲ್ಲಿ. ಸಂತೆಗೆ ಹೋಗುವವರು, ಸಂತೆಯಿಂದ ಬರುವವರು, ಸಂತೆ ಯಾವಾಗ ಎಂದು ಕೇಳುವವರು, ಎಲ್ಲರೂ ನಿಂತರು. "ಯವ್ವಾ, ಒಂದೀಟು ನೀರು ಕೊಡ್ರೀ." ಕೇಳಿದವರಿಗೆ ನೀರಿಲ್ಲ ಎನ್ನುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ನನಗೂ ಇರಲಿಲ್ಲ. ಕೊಟ್ಟೆ. ಕುಡಿದವರು ಎತ್ತಿನ ಮುಖ ನೋಡಿದರು. ಎತ್ತಿಗೂ ಕೊಟ್ಟೆ. ಖಾಸಿಂ ಸಾಬ್ ಬರುವ ಹೊತ್ತಿಗೆ ಪೀಪಾಯಿ ಬಡಿದರೆ ಡೋಲಿನ ಹಾಗೆ ನುಡಿಯುತ್ತಿತ್ತು.

ಯೋಚಿಸಿದೆ. ಕಂಡರೆ ತಾನೇ ಕೇಳುವುದು? ಪೀಪಾಯಿಯನ್ನು ಒಳಗೆ ತರಿಸಿ, ನನ್ನ ಮಂಚದ ಮೇಲೆ ಅಡ್ಡ ಮಲಗಿಸಿ, ನಲ್ಲಿ ಕಾಲ ಕಡೆಗೆ ಬರುವಂತೆ ಇಟ್ಟೆ. ನಾನು ನೆಲಕ್ಕೆ ಇಳಿದೆ. ನೀರು ತಣ್ಣಗಿರಲೆಂದು ಸವಳು ನೀರಿನಲ್ಲಿ ಅದ್ದಿದ ಕೌದಿ ಹೊದಿಸಿದೆ. ತಲೆಯ ಕಡೆಗೆ ಬಂದ ಮುಚ್ಚಳಕ್ಕೆ ಧೂಳು ಬೀಳದಿರಲೆಂದು ಇವರ ಹಳೆಯ ರುಮಾಲು ಸುತ್ತಿದೆ. ಬಾಗಿಲಿಗೆ ಬಂದು ನೋಡಿದರೆ, ಹೊಟ್ಟೆ ಬಂದ ಹಿರಿಯರೊಬ್ಬರು ಮುಸುಕು ಹಾಕಿ ಮಲಗಿದಂತಿತ್ತು. ನನಗೇ ಸೆರಗು ಸರಿ ಮಾಡಿಕೊಳ್ಳುವ ಹಾಗಾಯಿತು.

ಮರುದಿನ ಬಂಡಿಯವನೊಬ್ಬ ನೀರು ಕೇಳಲು ಬಂದವನು ಒಳಗೆ ಇಣುಕಿ ದನಿ ಇಳಿಸಿದ. "ಯಾರವ್ವಾ ಮಲಗ್ಯಾರ? ಆರಾಮಿಲ್ಲೇನು?"

ದೇವರಾಣೆ, ನಾನು ಸುಳ್ಳು ಹೇಳಬೇಕೆಂದಿರಲಿಲ್ಲ. ಮೂಗಿನಿಂದ "ಹ್ಞೂಂ" ಎಂಬ ಸಣ್ಣ ಸದ್ದು ತಾನಾಗಿಯೇ ಬಂತು. ಅವನು ನೀರಿನ ಮಾತೇ ಎತ್ತದೆ, ಎತ್ತಿನ ಕೊರಳಗಂಟೆಯನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ನಡೆದುಹೋದ.

ಆ ಸಂಜೆ ಪೀಪಾಯಿ ತಟ್ಟಿ ನೋಡಿದೆ. ಮುಕ್ಕಾಲು ಇತ್ತು! ಇವರು ರೋಲರ್ ನಿಲ್ಲಿಸಿ ಬಂದು ಎರಡು ಚೊಂಬು ಕುಡಿದು ಅಚ್ಚರಿಪಟ್ಟರು.

"ಇವತ್ತು ನೀರು ಉಳದದಲ್ಲ?"

"ಉಳಸಾಕ ಬುದ್ಧಿ ಬೇಕ್ರಿ," ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ನಾನು ಮರೆತದ್ದು ಒಂದೇ. ನಮ್ಮ ಕಡೆ ಆರೋಗ್ಯವಂತರನ್ನು ಯಾರೂ ಕೇಳುವುದಿಲ್ಲ. ಹಾಸಿಗೆ ಹಿಡಿದವರನ್ನು ಮಾತ್ರ ಊರೆಲ್ಲ ಬಂದು ಮಾತಾಡಿಸಿಕೊಂಡು ಹೋಗಬೇಕು!

ಮೊದಲು ಬಂದವಳು ಪಕ್ಕದ ಹಳ್ಳಿಯ ಇಮಾಮ್ ಬೀ. ಬಿಸಿಲಲ್ಲಿ ನಡೆದು ಬಂದು ಮೆಟ್ಟಿಲ ಮೇಲೆ ಕುಸಿದಳು. "ತಾಯತ ತಂದೀನಿ ಬೇಟಿ. ಅವರ ತೋಳಿಗೆ ಕಟ್ಟು. ಮೊದ್ಲು ನನಗ ಚೂರು ನೀರು ಕೊಡು." ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ತೋಳು ಎಲ್ಲಿಂದ ತರಲಿ? ನಲ್ಲಿಗೆ ಕಟ್ಟಿದೆ.

ಮಧ್ಯಾಹ್ನ ಕಲ್ಲು ಹಾಸುವ ಹೆಂಗಸರ ಮುಂದಾಳು ಜಂಬಮ್ಮ ಬಂದಳು. ಅವಳು ನಮ್ಮವರನ್ನು ಬೆಳಗಿನಿಂದ ರೋಲರಿನ ಮೇಲೆ ನೋಡುತ್ತಿದ್ದವಳು, ಆದ್ದರಿಂದ ರೋಗಿ ಅವರಲ್ಲ ಎಂದು ಗೊತ್ತು.

"ನಿಮ್ಮ ಮಾವ ಬಂದಾರೇನವ್ವಾ?"

ಇನ್ನೊಂದು "ಹ್ಞೂಂ" ಬಿತ್ತು. ಒಂದು ಬಂದ ಮೂಗಿಗೆ ಇನ್ನೊಂದು ಭಾರವೇ?

"ಪಾಪ, ಹಿರೇ ಜೀವ," ಎಂದು ಜಂಬಮ್ಮ ಹೋಗಿ ಇಡೀ ಗುಂಪನ್ನು ಕರೆತಂದಳು. ಹಿರಿಯ ಜೀವಕ್ಕೆ ಬೇಸರವಾಗದಿರಲಿ ಎಂದು ಎಲ್ಲರೂ ಗಾಡಿಮನೆಯ ನೆರಳಲ್ಲೇ ಬುತ್ತಿ ಬಿಚ್ಚಿದರು. ಒಣರೊಟ್ಟಿ, ಹಿಂಡಿ ಖಾರ! ಅದಕ್ಕೆ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ಕೊಟ್ಟೆ. ಪ್ರತಿ ಸಲವೂ ಒಳಗೆ ಹೋಗಿ, ಮಾವನವರ ಕಾಲ ಬಳಿ ಕುಳಿತು, ಕೌದಿಯೊಳಗೆ ಚೊಂಬು ಹಿಡಿದು ತುಂಬಿ ತರುತ್ತಿದ್ದೆ. "ಸೊಸಿ ಎಷ್ಟು ಕಾಲು ಒತ್ತತಾಳ ನೋಡ್ರೆ!" ಎಂದು ಹೊರಗೆ ಹೊಗಳುತ್ತಿದ್ದರು.

ಅದರ ಮರುದಿನ ಬಸ್ಸೇ ನಿಂತಿತು. ದೇವದುರ್ಗದಿಂದ ಮಾನ್ವಿಗೆ ಹೋಗುವ ಬಸ್ಸು. ಕಂಡಕ್ಟರ್ ಇಳಿದು ಬಂದು, "ರೋಲರ್ ಡ್ರೈವರಿಗೆ ಭಾಳ ಜಡ್ಡಂತಲ್ರಿ? ಹ್ಯಾಂಗದಾರ?" ಎಂದ. ಕೈತುಂಬ ಬ್ರೆಡ್ಡು ಇತ್ತು. ಅವನ ಹಿಂದೆ ಪ್ರಯಾಣಿಕರು ಇಳಿದರು. ಬಂದವರು ಕಿಟಕಿಯಲ್ಲಿ ಇಣುಕಿ ಲೊಚಗುಟ್ಟಿ, ತಿರುಗಿ ನನ್ನ ಮುಂದೆ ಬೊಗಸೆ ಒಡ್ಡಿದರು. ಆ ದಿನ ಖಾಸಿಂ ಸಾಬ್ ಬರಬೇಕಿತ್ತು. ಅವನ ಎತ್ತು ಕುಂಟುತ್ತಿದೆಯೆಂದು ಸುದ್ದಿ ಬಂತು. ಎತ್ತು ಬರಲಿಲ್ಲ.

ರಾತ್ರಿ ಬ್ರೆಡ್ಡಿನ ರಾಶಿ ನೋಡಿ ಇವರು ಕೇಳಿದರು. "ಇಷ್ಟು ಬ್ರೆಡ್ ಯಾಕ?"

"ರೊಟ್ಟಿ ತಟ್ಟಾಕ ನೀರು ಉಳಸಾಕತ್ತೀನ್ರಿ."

ಅವರು ನಂಬಿದರು. ಒಳ್ಳೆಯ ಮನುಷ್ಯರು. ನನಗೆ ಮಾತ್ರ ಬ್ರೆಡ್ಡು ಗಂಟಲಿನಲ್ಲಿ ಇಳಿಯಲಿಲ್ಲ, ಇಳಿಸಲು ನೀರನ್ನೂ ಮುಟ್ಟಲಿಲ್ಲ. ದಣಿದಿದ್ದೆ. ನೆಲದ ಮೇಲೆ ಮಲಗಿ, ನನ್ನ ಮಂಚದ ಮೇಲೆ ತಣ್ಣಗೆ ಮಲಗಿದ ಆ ದೊಡ್ಡ ಹೊಟ್ಟೆಯನ್ನು ನೋಡುತ್ತ, ಮನೆಯವರನ್ನೆಲ್ಲ ಬಿಟ್ಟು ನಾನು ಸೇವೆ ಮಾಡಲು ಬಂದದ್ದು ಯಾರಿಗೆ ಎಂದು ಯೋಚಿಸಿದೆ.

ಮರುದಿನ ಉರಿ ಮಧ್ಯಾಹ್ನ ದೂರದಲ್ಲಿ ಧೂಳು ಎದ್ದಿತು. ಧೂಳಿನೊಳಗಿಂದ ಎರಡು ಬಂಡಿಗಳು, ಬಂಡಿಗಳೊಳಗಿಂದ ಅಳು! ಬಸ್ಸು ಹೊತ್ತ ಸುದ್ದಿ ಹಿರೇಕೊಟ್ನೆಕಲ್ಲು ಮುಟ್ಟಿತ್ತು. ಮುಂದಿನ ಬಂಡಿ ನಿಲ್ಲುವ ಮೊದಲೇ ಅತ್ತೆ ಬೂದೆಮ್ಮ ಧುಮುಕಿದರು. ಹಿಂದೆ ಮಾವ ಸಿದ್ದರಾಮಪ್ಪ, ಮೈದುನ ಸಾಬಣ್ಣ, ಅತ್ತೆಯ ಅಕ್ಕ, ಅಕ್ಕನ ಸೊಸೆಯಂದಿರು, ಕೂಸುಗಳು. ಎಲ್ಲರೂ ಬಾಯಿ ಒಣಗುವಷ್ಟು ಅತ್ತಿದ್ದರು.

ಜಂಬಮ್ಮ ಓಡಿಬಂದು ಮಾವನವರ ಕಾಲು ಮುಟ್ಟಿದಳು. "ಯಪ್ಪಾ! ಎದ್ದು ಓಡಾಡಾಕತ್ತೀರಿ! ಆರಾಮಾತೇನ್ರಿ?"

"ನನಗೇನಾಗಿತ್ತು?" ಎಂದರು ಮಾವನವರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗೆ ನುಗ್ಗಿ, ರುಮಾಲು ನೋಡಿ, "ಅಯ್ಯೋ ನನ್ನ ಪರಮಾ!" ಎಂದು ಪೀಪಾಯಿಯ ಮೇಲೆ ಬಿದ್ದರು. ತಬ್ಬಿದರು. ಕೌದಿಯ ಮೇಲೆ ಕೈ ಸವರಿದರು. ಕೈ ನಿಂತಿತು.

"ಮೈ ತಣ್ಣಗಾಗೇದಲ್ಲೇ ಅಕ್ಕಾ!"

ಹೊರಗೆ ಗೋಳೋ ಎಂದು ಎಲ್ಲರೂ ಎದೆ ಬಡಿದುಕೊಂಡರು. ಅತ್ತೆ ಅಳುತ್ತ ಮಗನನ್ನು ಹಿಡಿದು ಅಲುಗಾಡಿಸಿದರು. ಒಳಗಿಂದ "ಗುಳುಗುಳು" ಎಂದಿತು. ಅತ್ತೆ ಕಿವಿ ಇಟ್ಟರು. ಮತ್ತೆ ಅಲುಗಾಡಿಸಿದರು. ಗುಳುಗುಳು!

"ಹೊಟ್ಟಿ ಮಾತಾಡಾಕತ್ತದ! ಜೀವ ಅದ! ಜೀವ ಅದ ಬರ್ರೋ!"

"ಯಾರಿಗೆ ಜೀವ ಅದ ಯವ್ವಾ?" ಎಂದು ಬಾಗಿಲಲ್ಲಿ ಒಂದು ದನಿ ಕೇಳಿತು. ರೋಲರಿನ ಎಣ್ಣೆ ಮೆತ್ತಿದ ಕೈಯೊಡನೆ ನಮ್ಮವರು ನಿಂತಿದ್ದರು.

ಅತ್ತೆ ಮಗನನ್ನು ನೋಡಿದರು. ಕೌದಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕೌದಿಯನ್ನು ಎಳೆದರು.

 ಸಣ್ಣಗೆ ಒಂದು ಸದ್ದು ಕೇಳುತ್ತಿತ್ತು. ಅತ್ತೆಯ ಅಪ್ಪುಗೆಗೆ ನಲ್ಲಿ ತಿರುಗಿ, ತಾಯತದ ಮೇಲಿಂದ ನೀರಿನ ಎಳೆ ಇಳಿದು, ಹಲಗೆಗಳ ಸಂದಿಯಲ್ಲಿ ನೆಲ ಸೇರುತ್ತಿತ್ತು. ನಾನು ಬಿದ್ದು ನಲ್ಲಿ ಹಿಡಿದೆ. ಅಷ್ಟರಲ್ಲಿ ಅದು ತಾನೇ ನಿಂತಿತ್ತು.

ಎಲ್ಲವನ್ನೂ ಹೇಳಿದೆ. ಹೇಳುವಾಗ ಚರ್ಚಾಸ್ಪರ್ಧೆಯ ದನಿ ಎಲ್ಲಿಯೂ ಸಿಗಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

"ಆತು. ಈಗ ನೀರು ಕೊಡು."

ಬಂಡಿ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ಮೂರಕ್ಷರದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಬಂಡಿ ಹತ್ತಬೇಕು, ಹೇಳದಿದ್ದರೆ ಎಲ್ಲರೂ ಒಣಗಬೇಕು. ಚೊಂಬು ಹಿಡಿದು ನಿಂತೇ ಇದ್ದೆ.

 ನಮ್ಮವರು ಹೋಗಿ ಬೀಗ ತೆಗೆದು, ರೋಲರಿನ ಎರಡೂ ಡಬ್ಬಿಗಳನ್ನು ತಂದು ನನ್ನ ಕಾಲ ಬಳಿ ಇಟ್ಟರು. "ಕೊಡು," ಎಂದರು. "ಖಾಸಿಂ ಸಾಬ್ ಬರೂತನ ಅದು ನಿಲ್ಲಲಿ."

ಹಿರಿಯಳ ಪಾಲು! ಎಲ್ಲರಿಗೂ ಬಗ್ಗಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಅತ್ತೆ ಕುಡಿದು ಚೊಂಬು ಇಟ್ಟು, ಜಂಬಮ್ಮನ ಕಡೆ ತಿರುಗಿದರು. "ಇಕಿ ಯಾರಿಗರ ನೀರಿಲ್ಲ ಅಂದಾಳೇನು?"

"ಎಲ್ಲಿದ್ರೀ! ಬಂದವರಿಗೆಲ್ಲ ಕೊಟ್ಟಾಳ. ಎತ್ತಿಗೂ ಕೊಟ್ಟಾಳ. ತನಗ ಇಟ್ಕೊಂಡಿಲ್ಲ, ಅಷ್ಟ."

ಅತ್ತೆ ಚೊಂಬನ್ನು ಬೋರಲು ಹಾಕಿದರು. "ಹಾಂಗಾದ್ರ ಮಾತು ತಪ್ಪಿಲ್ಲ. ಇಲ್ಲೇ ಇರ್ಲಿ."

ನನ್ನ ಕಣ್ಣು ತುಂಬಿತು. ಇವರ ಕಡೆ ನೋಡಿದೆ. ಇವರೂ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಅತ್ತೆ ಎದ್ದು, ಬಂಡಿಯಿಂದ ತಮ್ಮ ಗಂಟನ್ನು ಇಳಿಸಿ ಸಾಬಣ್ಣನಿಗೆ ಹೇಳಿದರು. "ನೀವು ನಡೀರಿ. ಈ ಹುಡುಗಿಗೆ ಕೊಡೋದು ಗೊತ್ತದ, ಇಡೋದು ಗೊತ್ತಿಲ್ಲ. ನೀರು ನೋಡ್ಕೊಳ್ಳಾಕ ನಾ ಇರ್ತೀನಿ."

ಈಗ ಒಂದು ಮಂಚ ಅತ್ತೆಯದು, ಇನ್ನೊಂದು ನನ್ನದು. ಪೀಪಾಯಿ ನಡುವೆ ನಿಂತಿದೆ. ನೀರು ಒಂದು ದಿನವೂ ಕಡಿಮೆ ಬಿದ್ದಿಲ್ಲ. ಗಂಡನ ಜೊತೆ ಇರುವ ನನ್ನ ಹಟ ಗೆದ್ದಿತು. ಗಂಡ ಹೊರಗೆ ರೋಲರಿನ ಪಕ್ಕದಲ್ಲಿ ಮಲಗುತ್ತಾರೆ.

ನಿನ್ನೆ ಸಂಜೆ ಅತ್ತೆ ನನ್ನ ತಲೆ ಬಾಚುತ್ತ ಕೇಳಿದರು. "ಈ ರಸ್ತಾ ಎಲ್ಲಿ ಮುಗೀತದ?"

"ಮಾನ್ವ್ಯಾಗ ಅತ್ತಿ," ಎಂದೆ, ಆಸೆಯಿಂದ. "ಇನ್ನ ಸ್ವಲ್ಪೇ ಅದ."

"ಆಮ್ಯಾಲ?"

"ಆಮ್ಯಾಲ... ರಾಯಚೂರು ರಸ್ತಾ ಅಂತ."

ಅತ್ತೆಯ ಬಾಚಣಿಗೆ ನಿಂತಿತು. ಮುಖದಲ್ಲಿ ಮದುವಣಗಿತ್ತಿಯ ಕಳೆ ಬಂತು.

"ಛಲೋ ಆತು ಬಿಡು! ನಾ ರಾಯಚೂರ ನೋಡೇ ಇಲ್ಲ!"